ಸಾಲದ ಪತ್ರಕ್ಕೆ ಸಹಿ ಹಾಕುವ ಮೊದಲು

ಧಾರವಾಡ

ಪ್ರಿಯ ತಂಗಿ,

ನಿನ್ನ ಪತ್ರವೂ ಅದರೊಂದಿಗೆ ಕಳಿಸಿದ ಎರಡು ಕತೆಗಳೂ ಕೈಸೇರಿವೆ. ಕತೆಗಳ ಬಗ್ಗೆ ಬೇರೆಯಾಗಿಯೇ ಬರೆಯುತ್ತೇನೆ. ಇಂಗ್ಲೆಂಡಿನಲ್ಲಿ ಇಂಗ್ಲಿಷ್ ಎಂ.ಎ.ಗೆ ಸೀಟು ಸಿಕ್ಕಿದೆ, ಇಪ್ಪತ್ತು ಲಕ್ಷ ಶಿಕ್ಷಣ ಸಾಲ ಬೇಕಾಗುತ್ತದೆ, ನಿನ್ನ ಅಪ್ಪ ಊರಿನ ಮನೆಯನ್ನು ಅಡವಿಡಲು ಒಪ್ಪಿದ್ದಾರೆ, ಹೋಗಲೇ ಬೇಡವೇ ಎಂದು ಕೇಳಿದ್ದೀ. ಬ್ಯಾಂಕಿನಲ್ಲಿ ಸಹಿ ಹಾಕುವ ದಿನ ಹತ್ತಿರವಿರುವುದರಿಂದ ಮೊದಲು ಇದಕ್ಕೆ ಉತ್ತರಿಸುತ್ತೇನೆ. ಇಂಗ್ಲಿಷ್ ಎಂ.ಎ. ಖಂಡಿತ ಮಾಡು, ಆದರೆ ಈ ಸಾಲ ಮಾಡಿ ಬೇಡ.

ಇಪ್ಪತ್ತು ಲಕ್ಷಕ್ಕೆ ಶೇ 10ರ ಬಡ್ಡಿ ಎಂದಿಟ್ಟುಕೊಳ್ಳೋಣ. ಓದುವ ಒಂದು ವರ್ಷ, ಆಮೇಲೆ ಕಂತು ಶುರುವಾಗುವ ಮುನ್ನ ಸಿಗುವ ಇನ್ನೊಂದು ವರ್ಷ, ಈ ಎರಡು ವರ್ಷಗಳ ಸರಳ ಬಡ್ಡಿಯೇ 4 ಲಕ್ಷವಾಗುತ್ತದೆ. ಹೀಗೆ ಬೆಳೆದ 24 ಲಕ್ಷವನ್ನು 10 ವರ್ಷಗಳಲ್ಲಿ ತೀರಿಸಬೇಕೆಂದರೆ ತಿಂಗಳ ಕಂತು ಸುಮಾರು 31,700 ರೂಪಾಯಿ, ಕೊನೆಗೆ ಕಟ್ಟಿದ ಒಟ್ಟು ಹಣ 38 ಲಕ್ಷ. ಅವಧಿಯನ್ನು 15 ವರ್ಷಕ್ಕೆ ಎಳೆದರೆ ಕಂತು 25,800ಕ್ಕೆ ಇಳಿಯುತ್ತದೆ, ಒಟ್ಟು ಮೊತ್ತ 46 ಲಕ್ಷ ದಾಟುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಶಿಕ್ಷಣ ಸಾಲದ ಬಡ್ಡಿಗೆ ಎಂಟು ವರ್ಷ ವಿನಾಯಿತಿ ಇದೆ ಎಂದು ಬ್ಯಾಂಕಿನವರು ಹೇಳುತ್ತಾರೆ, ಅದು ನಿಜ, ಆದರೆ ತೆರಿಗೆ ಕಟ್ಟುವಷ್ಟು ಆದಾಯ ಬಂದವರಿಗೆ ಮಾತ್ರ ಅದರಿಂದ ಪ್ರಯೋಜನ.

ಈ ಕಂತನ್ನು ಯಾವ ಸಂಬಳದ ಪಕ್ಕದಲ್ಲಿ ಇಟ್ಟು ನೋಡಬೇಕು ಎಂಬುದರಲ್ಲಿಯೇ ಹೆಚ್ಚಿನವರು ತಪ್ಪುತ್ತಾರೆ. ಸರ್ಕಾರಿ ಪದವಿ ಕಾಲೇಜಿನ ಕಾಯಂ ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲ ವೇತನ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಶ್ರೇಣಿಯಲ್ಲಿ 57,700 ಎಂಬ ಅಂಕಿ ನಿನ್ನ ಪತ್ರದಲ್ಲಿದೆ. ಅದು ಸರಿ. ಆದರೆ ಆ ಹುದ್ದೆಗೆ ಕರೆ ಬರುವುದು ಅಪರೂಪ: 2021ರಲ್ಲಿ ಎಲ್ಲ ವಿಷಯಗಳೂ ಸೇರಿ 1,242 ಹುದ್ದೆಗಳಿಗೆ ಅರ್ಜಿ ಕರೆದಿದ್ದರು, ಇಂಥ ಅಧಿಸೂಚನೆ ವರ್ಷ ವರ್ಷ ಹೊರಡುವುದಿಲ್ಲ. ಅಲ್ಲಿಯವರೆಗೆ ನಮ್ಮಂಥವರು ನಿಲ್ಲುವುದು ಅತಿಥಿ ಉಪನ್ಯಾಸಕರ ಸಾಲಿನಲ್ಲಿ. ಅವರ ಗೌರವಧನವನ್ನು 2022ರಲ್ಲಿ ಪರಿಷ್ಕರಿಸಿದಾಗ, ಯುಜಿಸಿ ಅರ್ಹತೆ ಇದ್ದು ಐದು ವರ್ಷಕ್ಕಿಂತ ಹೆಚ್ಚು ಪಾಠ ಮಾಡಿದವರಿಗೆ ನಿಗದಿಯಾದದ್ದು 32,000 ರೂಪಾಯಿ. ಅದಕ್ಕೆ ಮುನ್ನ ಅವರು 13,000ಕ್ಕೆ ದುಡಿಯುತ್ತಿದ್ದರು. ಆಮೇಲೆ ಕೆಲವು ಸಾವಿರ ಏರಿದೆ, ನಿಜ, ಆದರೂ ನಿನ್ನ ಕಂತು ಬಹುಮಟ್ಟಿಗೆ ಆ ಸಂಬಳದಷ್ಟೇ ಇದೆ. ಊಟ, ಬಾಡಿಗೆ, ಬಸ್ಸಿನ ಖರ್ಚು ಎಲ್ಲಿಂದ ಬರಬೇಕು?

ಅಲ್ಲಿಯೇ ಕೆಲಸ ಹುಡುಕಿ ತೀರಿಸುತ್ತೇನೆ ಎಂದಿದ್ದೀ. ಬ್ರಿಟನ್ನಿನಲ್ಲಿ ಓದು ಮುಗಿಸಿದವರಿಗೆ ಉಳಿಯಲು ಸಿಗುತ್ತಿದ್ದ ಎರಡು ವರ್ಷದ ಅವಕಾಶ 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ 18 ತಿಂಗಳಿಗೆ ಇಳಿಯುತ್ತದೆ. ಅದರ ನಂತರವೂ ನಿಲ್ಲಬೇಕೆಂದರೆ ಕುಶಲ ಕೆಲಸಗಾರರ ವೀಸಾಕ್ಕೆ 2025ರಲ್ಲಿ ಗೊತ್ತುಪಡಿಸಿದ ಸಾಮಾನ್ಯ ಮಿತಿ ವರ್ಷಕ್ಕೆ 41,700 ಪೌಂಡ್ ಸಂಬಳ, ಹೊಸಬರಿಗೆ 33,400. ಇಂಗ್ಲಿಷ್ ಸಾಹಿತ್ಯ ಓದಿದ ಹೊರನಾಡಿನ ಹುಡುಗಿಗೆ ಅಷ್ಟು ಸಂಬಳ ಕೊಟ್ಟು, ವೀಸಾದ ಹೊಣೆಯನ್ನೂ ಹೊರುವ ಕೆಲಸ ಸಿಗಬಾರದೆಂದಿಲ್ಲ. ಅದನ್ನು ನಂಬಿ ಅಪ್ಪನ ಮನೆಯ ಪತ್ರವನ್ನು ಒತ್ತೆಯಿಡುವುದನ್ನು ಮಾತ್ರ ನಾನು ಒಪ್ಪಲಾರೆ.

ನಾನು ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 1984ರಲ್ಲಿ ನಾನು ಎಂ.ಎ. ಮುಗಿಸಿದಾಗ ನನ್ನ ಅಪ್ಪ ನನ್ನ ಓದಿಗಾಗಿ ಊರಿನ ಸೊಸೈಟಿಯಲ್ಲಿ ಎತ್ತಿದ್ದ ಸಾಲ ಆರು ಸಾವಿರ ರೂಪಾಯಿ. ಒಂದು ಖಾಸಗಿ ಕಾಲೇಜಿನಲ್ಲಿ ಅರೆಕಾಲಿಕ ಉಪನ್ಯಾಸಕಿಯಾದೆ. ಪಿರಿಯಡ್ಡಿನ ಲೆಕ್ಕದಲ್ಲಿ ಸಂಬಳ, ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ಕಂತು ತಪ್ಪಬಾರದೆಂದು ಸಂಜೆ ಐದರಿಂದ ಒಂಬತ್ತರವರೆಗೆ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ವ್ಯಾಕರಣದ ಟ್ಯೂಷನ್ ಹೇಳಿದೆ. ಸಾಲ ಆರು ವರ್ಷದಲ್ಲಿ ತೀರಿತು. ಆ ಆರು ವರ್ಷಗಳಲ್ಲಿ ನಾನು ಬರೆದದ್ದು ಎರಡು ಕತೆ. ನನಗೆ ಆಗ ಇಪ್ಪತ್ತಮೂರರಿಂದ ಇಪ್ಪತ್ತೊಂಬತ್ತು ವಯಸ್ಸು, ತಲೆಯಲ್ಲಿ ಕತೆಗಳು ತುಂಬಿದ್ದ ಕಾಲ. ಆಗ ಬರೆಯದೆ ಬಿಟ್ಟವನ್ನು ಆಮೇಲೆ ಬರೆಯಲು ಕೂತಾಗ ಅವು ಬರಲಿಲ್ಲ. ಹಾಗಾಗಿ ನೀನು ಕಂತನ್ನು ರೂಪಾಯಿಯಲ್ಲಿ ಎಣಿಸಿದ ಮೇಲೆ ಸಂಜೆಗಳಲ್ಲಿಯೂ ಒಮ್ಮೆ ಎಣಿಸು ಎಂದು ಕೇಳಿಕೊಳ್ಳುತ್ತೇನೆ.

ಅನಂತಮೂರ್ತಿಯವರೂ ಬರ್ಮಿಂಗ್‌ಹ್ಯಾಮಿಗೆ ಹೋಗಿದ್ದರಲ್ಲವೇ ಎಂದಿದ್ದೀ. ಹೋಗಿದ್ದರು, 1966ರಲ್ಲಿ ಡಾಕ್ಟರೇಟ್ ಪಡೆದರು. ಅವರನ್ನು ಕಳಿಸಿದ್ದು ಕಾಮನ್‌ವೆಲ್ತ್ ವಿದ್ಯಾರ್ಥಿವೇತನ, ಮತ್ತು ಹೋಗುವ ಮುನ್ನವೇ ಅವರು ಇಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದರು. ಬಿ.ಎಂ.ಶ್ರೀ., ಗೋಕಾಕ, ಅಡಿಗ, ಲಂಕೇಶ್ ಎಲ್ಲರೂ ಇಂಗ್ಲಿಷ್ ಪಾಠ ಹೇಳುತ್ತಲೇ ಕನ್ನಡದಲ್ಲಿ ಬರೆದವರು. ಆ ಓದಿನಿಂದ ಕನ್ನಡಕ್ಕೆ ಎಷ್ಟು ಬಂದಿದೆ ಎಂದು ಬಲ್ಲವಳಾದ್ದರಿಂದಲೇ ಎಂ.ಎ. ಬಿಡು ಎಂದು ನಾನು ಹೇಳುವುದಿಲ್ಲ.

ಧಾರವಾಡ, ಮೈಸೂರು, ಶಂಕರಘಟ್ಟಗಳ ವಿಶ್ವವಿದ್ಯಾಲಯಗಳಲ್ಲಿ ಇಂಗ್ಲಿಷ್ ವಿಭಾಗಗಳಿವೆ, ಹೈದರಾಬಾದಿನಲ್ಲಿ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅಲ್ಲಿಯ ಶುಲ್ಕವನ್ನು ನೀನು ಹೇಳಿದ ಮೊತ್ತದ ಜೊತೆ ಹೋಲಿಸುವಂತೆಯೇ ಇಲ್ಲ, ಹಾಸ್ಟೆಲ್ಲಿಗಾಗಿ ಸ್ವಲ್ಪ ಸಾಲ ಬೇಕಾದರೂ 7.5 ಲಕ್ಷದವರೆಗೆ ಮನೆ ಅಡವಿಡುವ ಪ್ರಸಂಗ ಸಾಮಾನ್ಯವಾಗಿ ಬರುವುದಿಲ್ಲ. ಎಂ.ಎ.ಯಲ್ಲಿ ಶೇ 55 ಅಂಕ ತೆಗೆದು, ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ನೆಟ್ ಬರೆ. ಅದರ ಮೂಲಕ ಸಂಶೋಧನೆಗೆ ಸಿಗುವ ಜೆಆರ್‌ಎಫ್ ಶಿಷ್ಯವೇತನ ದೊರೆತರೆ 2023ರಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಕೊಡುತ್ತಿದ್ದಾರೆ, ಅಂದರೆ ನೀನು ಓದುವುದಕ್ಕೇ ಹಣ ಬರುತ್ತದೆ. ಇಂಗ್ಲೆಂಡಿನ ಆಸೆಯನ್ನೂ ಬಿಡಬೇಕಾಗಿಲ್ಲ. ಬ್ರಿಟಿಷ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ ಎರಡು ವರ್ಷದ ಕೆಲಸದ ಅನುಭವ ಕೇಳುತ್ತಾರೆ. ಕಾಮನ್‌ವೆಲ್ತ್ ಇಂದಿಗೂ ಇದೆ. ಎರಡಕ್ಕೂ ಪೈಪೋಟಿ ಬಿರುಸಾಗಿದೆ, ಸಿಗದೇ ಹೋಗಬಹುದು, ಆದರೆ ಸಿಗದಿದ್ದರೆ ನಿನ್ನ ಅಪ್ಪ ಮನೆ ಕಳೆದುಕೊಳ್ಳುವುದಿಲ್ಲ.

ಸೀಟನ್ನು ಮುಂದಿನ ವರ್ಷಕ್ಕೆ ಮುಂದೂಡಲು ಸಾಧ್ಯವೇ ಎಂದು ಆ ವಿಶ್ವವಿದ್ಯಾಲಯಕ್ಕೆ ಇವತ್ತೇ ಬರೆದು ಕೇಳು. ಬ್ಯಾಂಕು ಕೊಟ್ಟ ಮಂಜೂರಾತಿ ಪತ್ರವನ್ನು ತೆಗೆದುಕೊಂಡು ಭಾನುವಾರ ಅಪ್ಪನನ್ನೂ ಕರೆದುಕೊಂಡು ಬಾ, ಮೂವರೂ ಕೂತು ಸಾಲು ಸಾಲಾಗಿ ಓದೋಣ. ಎರಡನೆಯ ಕತೆಯ ಕೈಬರಹದ ಪ್ರತಿಯೂ ನಿನ್ನ ಬಳಿ ಇದ್ದರೆ ತಾ, ಅದರ ಕೊನೆಯ ಪುಟದ ಬಗ್ಗೆ ನನಗೆ ಕೇಳುವುದಿದೆ.

ನಿನ್ನ ಹಿತೈಷಿ