‘ಜನರಿಗೆ ಭಯ ಇರಬೇಕು’ ಎಂದ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ದಂಡ ಮತ್ತು ಜೈಲುಶಿಕ್ಷೆ ಹೆಚ್ಚಿಸುವ ಮಸೂದೆಯ ಪರವಾಗಿ ಕಳೆದ ವಾರ ನೀವು ಭಾಷಣ ಮಾಡಿದಾಗ ನಾನು ಸಭೆಯ ನಡುವೆ ಕೂತಿದ್ದೆ. “ಜನರಿಗೆ ಸ್ವಲ್ಪ ಭಯ ಇರಬೇಕು, ಭಯ ಇದ್ದರೇನೇ ವ್ಯವಸ್ಥೆ ನಡೆಯೋದು” ಎಂದಿರಿ. ದಂಡಂ ದಶಗುಣಂ ಎಂದೂ ಸೇರಿಸಿದಿರಿ. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಅಕ್ಕಪಕ್ಕದವರೆಲ್ಲ ತಟ್ಟುವಾಗ ಒಬ್ಬನೇ ಕೈಕಟ್ಟಿ ಕೂರಲು ಆಗಲಿಲ್ಲ. ಮನೆಗೆ ಬಂದ ಮೇಲೂ ಆ ಚಪ್ಪಾಳೆ ನನ್ನನ್ನು ಬಿಡಲಿಲ್ಲ, ಅದಕ್ಕೇ ಈ ಪತ್ರ. ಅಂದು ತಟ್ಟಿದ ಉಳಿದವರೂ ಓದಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಮೊದಲು ಒಂದು ಕಿಟಕಿಯ ಕಥೆ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಅಪ್ಪನನ್ನು ಒಂದು ಕಚೇರಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಗಾಜಿನ ಕೌಂಟರ್ ಇತ್ತು. ಮಾತಾಡಲು ಗಾಜಿನಲ್ಲಿ ಒಂದು ಅರ್ಧಚಂದ್ರದ ಕಿಂಡಿ, ಅದೂ ಸೊಂಟದ ಎತ್ತರದಲ್ಲಿ. ಒಳಗೆ ಕುರ್ಚಿಯಲ್ಲಿ ಕೂತವರಿಗೆ ಅದು ಸರಿಯಾಗಿ ಬಾಯಿಯ ಮಟ್ಟಕ್ಕೆ ಬರುತ್ತದೆ. ಹೊರಗೆ ನಿಂತವರು ಬಗ್ಗಲೇಬೇಕು. ಅಪ್ಪ ಒಂದು ಕೈಯನ್ನು ಕಟ್ಟೆಗೆ ಊರಿ ಬಗ್ಗಿದರು. ರಾತ್ರಿಯೆಲ್ಲ ಜೋಡಿಸಿಟ್ಟುಕೊಂಡಿದ್ದ ಪ್ರಶ್ನೆಗಳಲ್ಲಿ ಒಂದನ್ನೂ ಕೇಳಲಿಲ್ಲ. ಒಳಗಿನಿಂದ ಒಂದು ಕಾಗದ ಬಂತು, ತೋರಿಸಿದ ಕಡೆ ಸಹಿ ಹಾಕಿದರು, ಹೊರಬಂದರು. “ಓದಿದಿರಾ ಅಪ್ಪ?” ಅಂದೆ. “ಹಿಂದೆ ಅಷ್ಟು ಜನ ನಿಂತಿದ್ದರಲ್ಲೋ” ಅಂದರು. ಗೋಡೆಯ ಮೇಲೆ ದೊಡ್ಡ ಅಕ್ಷರದ ಫಲಕವಿತ್ತು: ಸಿಬ್ಬಂದಿಯ ಕರ್ತವ್ಯಕ್ಕೆ ಅಡ್ಡಿಪಡಿಸಿದರೆ ಕಾನೂನು ಕ್ರಮ. ಕೆಲಸ ಎಷ್ಟು ದಿನದಲ್ಲಿ ಆಗಬೇಕು ಎನ್ನುವ ಫಲಕಕ್ಕಾಗಿ ಹುಡುಕಿದೆ, ಕಾಣಲಿಲ್ಲ. ತಿಂಗಳ ನಂತರ ಬಂದ ಪತ್ರದಲ್ಲಿ ‘ಅರ್ಜಿದಾರರ ಒಪ್ಪಿಗೆ ಪಡೆಯಲಾಗಿದೆ’ ಎಂದು ಬರೆದಿತ್ತು.

ಆ ಒಂದು ಸಾಲು ನನ್ನನ್ನು ಇಂದಿಗೂ ಕುಟುಕುತ್ತದೆ. ಅಪ್ಪ ಬಗ್ಗಿದ್ದರು, ಒಪ್ಪಿರಲಿಲ್ಲ. ಆದರೆ ಕಡತದಲ್ಲಿ ಎರಡಕ್ಕೂ ಇರುವುದು ಒಂದೇ ಸಹಿ.

ಅಧಿಕಾರದಲ್ಲಿ ಇರುವವರಿಗೆ, ದೊಡ್ಡ ಸಂಸ್ಥೆಗಳಿಗೆ ಬಲವಂತ ಯಾಕೆ ಇಷ್ಟವಾಗುತ್ತದೆ ಎಂದು ಯೋಚಿಸುತ್ತಾ ಹೋದರೆ ನಾನು ತಿರುಗಿ ಬಂದು ನಿಲ್ಲುವುದು ಇಲ್ಲೇ. ಅವರೆಲ್ಲ ಕ್ರೂರಿಗಳು ಎಂದು ನಾನು ನಂಬುವುದಿಲ್ಲ. ಜನರನ್ನು ಒಪ್ಪಿಸಬೇಕಾದರೆ ಎದುರು ಕೂರಬೇಕು, ಕೇಳಿಸಿಕೊಳ್ಳಬೇಕು, ತಾನು ಬರೆದ ಕರಡನ್ನು ತಿದ್ದಲು ತಯಾರಿರಬೇಕು, ಎಲ್ಲಕ್ಕಿಂತ ಹೆಚ್ಚಾಗಿ ‘ಇಲ್ಲ’ ಅನ್ನಿಸಿಕೊಳ್ಳಲು ಸಿದ್ಧರಿರಬೇಕು. ಆದೇಶಕ್ಕೆ ಇದ್ಯಾವುದೂ ಬೇಡ, ಒಂದು ಹಾಳೆ ಸಾಕು. ಹೊರಡಿಸುವವರಿಗೆ ಅದು ಬಹಳ ಅಗ್ಗ. ಖರ್ಚು ಬೀಳುವುದು ಪಾಲಿಸುವವರ ಮೇಲೆ, ಅದೂ ನಿಧಾನವಾಗಿ, ಎಷ್ಟೋ ಸಲ ಆದೇಶಕ್ಕೆ ಸಹಿ ಹಾಕಿದವರು ವರ್ಗವಾಗಿ ಹೋದ ಮೇಲೆ. ಜೊತೆಗೆ ಬಲವಂತದಿಂದ ಅಂಕಿ ಬೇಗ ಹುಟ್ಟುತ್ತದೆ, ಮೇಲಿನವರಿಗೆ ತೋರಿಸಲು ಅಂಕಿ ಬೇಕೇ ಬೇಕು.

ಒಂದು ಉದಾಹರಣೆ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷದಲ್ಲಿ, ಭಾರತದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಗುರಿಯ ಸುಮಾರು ಎರಡು ಪಟ್ಟು. ಕಾಗದದ ಮೇಲೆ ಇದಕ್ಕಿಂತ ಯಶಸ್ವಿ ಯೋಜನೆ ಬೇರೊಂದಿರಲಿಲ್ಲ. ತಮ್ಮ ಪಾಲಿನ ‘ಕೇಸು’ ತರದ ಶಿಕ್ಷಕರ ಸಂಬಳ ತಡೆಹಿಡಿದದ್ದು, ತುರ್ತುಪರಿಸ್ಥಿತಿಯ ಅತಿರೇಕಗಳನ್ನು ಆಮೇಲೆ ತನಿಖೆ ಮಾಡಿದ ಷಾ ಆಯೋಗದ ಮುಂದೆ ಬಂದ ಸಂಗತಿ. ಅಕ್ಷರ ಕಲಿಸಬೇಕಾದವರು ಮನೆಮನೆಗೆ ಹೋಗಿ ಗಂಡಸರನ್ನು ಹುಡುಕುತ್ತಿದ್ದರು. 1977ರ ಚುನಾವಣೆಯಲ್ಲಿ ಸರ್ಕಾರ ಬಿತ್ತು. ಮರುವರ್ಷ ಶಸ್ತ್ರಚಿಕಿತ್ಸೆಗಳ ಸಂಖ್ಯೆ ಹತ್ತು ಲಕ್ಷಕ್ಕಿಂತ ಕೆಳಗಿಳಿಯಿತು. ‘ಕುಟುಂಬ ಯೋಜನೆ’ ಎಂಬ ಹೆಸರೇ ಜನರಲ್ಲಿ ಅಷ್ಟು ಹೆದರಿಕೆ ಹುಟ್ಟಿಸಿತ್ತು, ಅದನ್ನು ‘ಕುಟುಂಬ ಕಲ್ಯಾಣ’ ಎಂದು ಬದಲಿಸಬೇಕಾಯಿತು. ಇತ್ತ ಕೇರಳದಲ್ಲಿ ಹೆಣ್ಣುಮಕ್ಕಳ ಓದು, ಹತ್ತಿರದ ಆಸ್ಪತ್ರೆ, ಬದುಕುಳಿಯುವ ಮಕ್ಕಳು, ಇಷ್ಟರಿಂದಲೇ ಜನನ ಪ್ರಮಾಣ ಇಳಿಯಿತು. 1979ರಿಂದ 1991ರ ನಡುವೆ ಒಬ್ಬ ಹೆಂಗಸಿಗೆ ಸರಾಸರಿ 3 ಮಕ್ಕಳಿದ್ದದ್ದು 1.8ಕ್ಕೆ ಬಂತು. ಅದೇ ಅವಧಿಯಲ್ಲಿ, ‘ಒಂದೇ ಮಗು’ ಎಂಬ ಕಟ್ಟುನಿಟ್ಟಿನ ಚೀನಾದಲ್ಲಿ ಅದು 2.8ರಿಂದ 2ಕ್ಕೆ ಇಳಿದಿತ್ತು. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಈ ಹೋಲಿಕೆಯನ್ನು ಮತ್ತೆ ಮತ್ತೆ ಎತ್ತಿ ತೋರಿಸಿದ್ದಾರೆ. ಹೆದರಿಸದೆ ಆದ ಕೆಲಸ ಹೆದರಿಸಿ ಆದ ಕೆಲಸಕ್ಕಿಂತ ಬೇಗ ಆಗಿತ್ತು.

ಭಯದ ಇನ್ನೊಂದು ಗುಣ ನಿಮ್ಮಂಥವರಿಗೇ ಅಪಾಯ, ಸರ್. ಅದು ಕೆಳಗಿನಿಂದ ಮೇಲೆ ಬರುವ ಸುದ್ದಿಯನ್ನು ಕೆಡಿಸುತ್ತದೆ. 1958ರಲ್ಲಿ ಚೀನಾದ ಪತ್ರಿಕೆಯಲ್ಲಿ ಒಂದು ಫೋಟೋ ಬಂತು. ಭತ್ತದ ಪೈರು ಎಷ್ಟು ದಟ್ಟ ಎಂದರೆ ಅದರ ಮೇಲೆ ಮಕ್ಕಳು ನಿಂತಿದ್ದಾರೆ, ಪೈರು ಬಾಗಿಲ್ಲ. ಮಕ್ಕಳ ಕಾಲಡಿಗೆ ಬೆಂಚು ಅಡಗಿಸಿಟ್ಟಿದ್ದರು. ಹಲವು ಗದ್ದೆಗಳ ಪೈರು ಕಿತ್ತು ಒಂದೇ ಗದ್ದೆಯಲ್ಲಿ ಒತ್ತೊತ್ತಾಗಿ ನೆಟ್ಟು ಮೇಲಧಿಕಾರಿಗಳಿಗೆ ತೋರಿಸಿದ್ದೂ ಇದೆ. ಕಡಿಮೆ ಬೆಳೆ ಎಂದು ಹೇಳಿದವನಿಗೆ ಶಿಕ್ಷೆ ಕಾದಿತ್ತು, ಹಾಗಾಗಿ ಯಾರೂ ಹೇಳಲಿಲ್ಲ. ಸುಳ್ಳು ಇಳುವರಿಯ ಲೆಕ್ಕದಲ್ಲಿ ಹಳ್ಳಿಗಳಿಂದ ಧಾನ್ಯ ಎತ್ತಿಕೊಂಡು ಹೋದರು. ಮುಂದಿನ ಮೂರು ವರ್ಷಗಳ ಕ್ಷಾಮದಲ್ಲಿ ಸತ್ತವರನ್ನು ಎಣಿಸುವುದು ಕೋಟಿಗಳಲ್ಲಿ. ಆ ಬೆಂಚಿನ ನೆನಪಾದಾಗಲೆಲ್ಲ ನನಗೆ ಹೊಟ್ಟೆ ಕಿವುಚುತ್ತದೆ. ಪೂರ್ವ ಜರ್ಮನಿಯ ಕಥೆ ಗೊತ್ತಿರುವುದೇ. ಸುಮಾರು 1.6 ಕೋಟಿ ಜನರ ದೇಶದಲ್ಲಿ ಗುಪ್ತ ಪೊಲೀಸರ ಕಾಯಂ ಸಿಬ್ಬಂದಿಯೇ 91,000. 1989ರ ಮೇ ತಿಂಗಳ ಸ್ಥಳೀಯ ಚುನಾವಣೆಯಲ್ಲಿ ಶೇ 98.85 ಮತ ತಮಗೇ ಬಿತ್ತು ಎಂದು ಆಳುವವರು ಘೋಷಿಸಿದರು. ಜನ ಪಶ್ಚಿಮಕ್ಕೆ ದಾಟದಂತೆ ಅವರೇ ಕಟ್ಟಿದ್ದ ಬರ್ಲಿನ್ ಗೋಡೆ ಅದೇ ನವೆಂಬರ್ 9ಕ್ಕೆ ತೆರೆಯಿತು. ಅಷ್ಟೊಂದು ಕಿವಿಗಳಿದ್ದ ಸರ್ಕಾರಕ್ಕೆ ತನ್ನ ಜನ ಏನು ಯೋಚಿಸುತ್ತಿದ್ದಾರೆ ಎನ್ನುವುದು ತಿಳಿದಿರಲಿಲ್ಲ, ಅಥವಾ ತಿಳಿದವರಿಗೆ ಹೇಳುವ ಧೈರ್ಯ ಇರಲಿಲ್ಲ.

ಇನ್ನು, ಬಲವಂತ ಯಾವ ಕಡೆಗೆ ಹರಿಯುತ್ತದೆ ಎಂಬ ವಿಚಾರ. ನಿಮ್ಮ ಭಾಷಣದಲ್ಲಿ ನನಗೆ ಅತಿ ಹೆಚ್ಚು ನೋವಾದದ್ದು ಇಲ್ಲಿ, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬ್ರಿಟನ್ನಿನಲ್ಲಿ 1823ರಲ್ಲಿ ‘ಯಜಮಾನ ಮತ್ತು ಆಳು’ ಎಂಬ ಕಾಯ್ದೆ ಬಂತು. ಕೆಲಸಗಾರ ಒಪ್ಪಂದ ಮುರಿದು ಹೊರಟರೆ ಮೂರು ತಿಂಗಳವರೆಗೆ ಜೈಲು, ಜೊತೆಗೆ ಕಠಿಣ ದುಡಿಮೆ. ಯಜಮಾನ ಒಪ್ಪಂದ ಮುರಿದರೆ? ಅದು ಅಪರಾಧವೇ ಅಲ್ಲ, ಬರೀ ಹಣಕಾಸಿನ ವ್ಯಾಜ್ಯ. ಒಂದೇ ಒಪ್ಪಂದ, ಎರಡು ಸಹಿ, ಜೈಲು ಮಾತ್ರ ಒಬ್ಬರಿಗೆ. ಈ ತಾರತಮ್ಯ ಹೋಗಿದ್ದು 1875ರಲ್ಲಿ, ಅಂದರೆ ಐವತ್ತು ವರ್ಷ ದಾಟಿದ ಮೇಲೆ. ನಡುವೆ 1833ರಲ್ಲಿ ಒಂಬತ್ತು ವರ್ಷದೊಳಗಿನ ಮಕ್ಕಳನ್ನು ಬಟ್ಟೆ ಗಿರಣಿಗಳಲ್ಲಿ ದುಡಿಸಬಾರದು ಎಂಬ ಕಾನೂನು ಬಂದಾಗ ಗಿರಣಿ ಮಾಲೀಕರು ಸ್ವಾತಂತ್ರ್ಯ ಹೋಯಿತು, ವ್ಯಾಪಾರ ಹಾಳಾಯಿತು ಎಂದು ಕೂಗಿದರು. ಆ ಕಾನೂನಿನ ಜಾರಿಗೆ ಇಡೀ ದೇಶಕ್ಕೆ ನೇಮಿಸಿದ ಇನ್‌ಸ್ಪೆಕ್ಟರುಗಳು ನಾಲ್ಕೇ ಜನ. ಮರುವರ್ಷವೇ ಬಂದ ಬಡವರ ಕಾಯ್ದೆಯಲ್ಲಿ ಅಂಥ ಔದಾರ್ಯ ಇರಲಿಲ್ಲ. ನೆರವು ಬೇಕಾದ ಕುಟುಂಬ ದುಡಿಮೆಮನೆಗೆ ಸೇರಬೇಕು. ಅಲ್ಲಿ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಮತ್ತೊಂದು ಕಡೆ.

ನಿಮ್ಮ ಮಸೂದೆಯ ಕರಡನ್ನು ಎರಡು ಸಲ ಓದಿದೆ. ನಾಗರಿಕ ತಡ ಮಾಡಿದರೆ ದಿನಕ್ಕಿಷ್ಟು ದಂಡ ಎಂದು ಲೆಕ್ಕ ಹಾಕಿ ಬರೆದಿದ್ದೀರಿ. ಅಧಿಕಾರಿ ತಡ ಮಾಡಿದರೆ ‘ಸೂಕ್ತ ಕ್ರಮ ಕೈಗೊಳ್ಳಬಹುದು’. ಒಂದು ಕಡೆ ದಂಡ ಕಟ್ಟಲೇಬೇಕೆನ್ನುವ ‘ತಕ್ಕದ್ದು’, ಇನ್ನೊಂದು ಕಡೆ ಬೇಕಾದರೆ ಮಾಡಿ ಎನ್ನುವ ‘ಬಹುದು’. ಭಯ ಒಳ್ಳೆಯದೇ ಆಗಿದ್ದರೆ ಅದು ಗಾಜಿನ ಒಳಗಿನವರಿಗೂ ಒಂದಿಷ್ಟು ಸಿಗಬೇಕಿತ್ತಲ್ಲವೇ?

ಶಿಕ್ಷೆ ಹೆಚ್ಚಿಸಿದರೆ ತಪ್ಪು ಕಡಿಮೆಯಾಗುತ್ತದೆ ಎಂಬ ನಂಬಿಕೆಗೂ ಹಳೆಯ ಉತ್ತರವಿದೆ. ಹತ್ತೊಂಬತ್ತನೇ ಶತಮಾನದ ಆರಂಭದ ಇಂಗ್ಲೆಂಡಿನಲ್ಲಿ ಗಲ್ಲಿಗೆ ಏರಿಸಬಹುದಾದ ಅಪರಾಧಗಳು 200ಕ್ಕೂ ಹೆಚ್ಚಿದ್ದವು. ಮನೆಯೊಳಗೆ 40 ಷಿಲಿಂಗ್ ಬೆಲೆಯ ವಸ್ತು ಕದ್ದರೆ ಮರಣದಂಡನೆ. ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸುವ ಜ್ಯೂರಿಯಲ್ಲಿ ಕೂತ ಸಾಮಾನ್ಯ ಜನ ಏನು ಮಾಡಿದರು ಗೊತ್ತೇ? ಕದ್ದದ್ದು ಎಷ್ಟೇ ಬೆಲೆಬಾಳಲಿ, ‘39 ಷಿಲಿಂಗ್’ ಎಂದು ಬರೆಯತೊಡಗಿದರು. ಒಂದು ಷಿಲಿಂಗಿನ ಸುಳ್ಳು ಹೇಳಿ ಒಂದು ಜೀವ ಉಳಿಸಿದರು. 1830ರಲ್ಲಿ ಬ್ಯಾಂಕಿನವರೇ ಸಂಸತ್ತಿಗೆ ಅರ್ಜಿ ಹಾಕಿದರು: ನಕಲಿ ಸಹಿ, ನಕಲಿ ನೋಟಿಗೆ ಮರಣದಂಡನೆ ತೆಗೆಯಿರಿ, ಗಲ್ಲಾಗುತ್ತದೆ ಎಂದು ಯಾರೂ ತಪ್ಪಿತಸ್ಥ ಎನ್ನಲು ಒಪ್ಪುತ್ತಿಲ್ಲ, ನಮ್ಮ ಹಣಕ್ಕೆ ರಕ್ಷಣೆಯೇ ಇಲ್ಲವಾಗಿದೆ ಎಂದು.

ಹಾಗಾದರೆ ಜನ ಯಾಕೆ ಇಷ್ಟು ಸುಲಭವಾಗಿ ಬಗ್ಗುತ್ತಾರೆ ಎಂದು ನೀವು ಕೇಳಬಹುದು. ಆ ಪ್ರಶ್ನೆ ನನಗೂ ಸೇರಿದ್ದು. ಸ್ಟಾನ್ಲಿ ಮಿಲ್‌ಗ್ರಾಮ್ ಎಂಬ ಮನಶ್ಶಾಸ್ತ್ರಜ್ಞ 1961ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಪ್ರಯೋಗವನ್ನು ಕೇಳಿರುತ್ತೀರಿ. ಕೋಟು ತೊಟ್ಟ ಒಬ್ಬ ‘ಮುಂದುವರಿಸಿ’ ಎಂದನೆಂಬ ಕಾರಣಕ್ಕೆ, ಪಕ್ಕದ ಕೋಣೆಯ ಅಪರಿಚಿತನಿಗೆ 450 ವೋಲ್ಟ್‌ವರೆಗೂ ಶಾಕ್ ಕೊಡುತ್ತಿದ್ದೇವೆಂದೇ ನಂಬಿ ಕೊನೆಯ ಗುಂಡಿ ಒತ್ತಿದವರು 40 ಜನರಲ್ಲಿ 26. (ಶಾಕ್ ನಿಜವಾಗಿ ಹೋಗುತ್ತಿರಲಿಲ್ಲ. ಆ ಪ್ರಯೋಗದ ರೀತಿಯ ಬಗ್ಗೆ ವಿದ್ವಾಂಸರಲ್ಲಿ ತಕರಾರುಗಳೂ ಇವೆ.) ಎಲ್ಲರೂ ಇಷ್ಟಕ್ಕೇ ನಿಲ್ಲಿಸುತ್ತಾರೆ. ನನ್ನ ಮನಸ್ಸಿನಲ್ಲಿ ಉಳಿದದ್ದು ಅದೇ ಪ್ರಯೋಗದ ಇನ್ನೊಂದು ಸುತ್ತು. ಅದರಲ್ಲಿ ಜೊತೆಗೆ ಕೂತ ಇಬ್ಬರು ನಡುವೆಯೇ ‘ನಮ್ಮಿಂದಾಗದು’ ಎಂದು ಎದ್ದರು. ಆಗ ಕೊನೆಯವರೆಗೆ ಹೋದವರು 40ರಲ್ಲಿ ನಾಲ್ಕೇ ಜನ.

ಕೋಣೆ ಅದೇ, ಯಂತ್ರ ಅದೇ, ಕೋಟು ಅದೇ. ಇಬ್ಬರು ಎದ್ದದ್ದೊಂದೇ ವ್ಯತ್ಯಾಸ. ಮೊದಲು ‘ಇಲ್ಲ’ ಎಂದವನನ್ನು ಎಲ್ಲರೆದುರು ಬಗ್ಗುಬಡಿಯಲು ಬಲಾಢ್ಯರು ಯಾಕೆ ಅಷ್ಟು ಆತುರಪಡುತ್ತಾರೆ ಎನ್ನುವುದು ನನಗೆ ಅರ್ಥವಾದದ್ದು ಈ ಅಂಕಿಯಿಂದ. ಅವನೊಬ್ಬನ ದಂಡದ ಹಣ ಅವರಿಗೆ ಬೇಕಿಲ್ಲ. ಅವನ ಪಕ್ಕದಲ್ಲಿ ಕೂತವನು ಏಳಬಾರದು, ಅಷ್ಟೇ.

ನಿಯಮವೇ ಬೇಡ ಎಂಬ ವಾದ ನನ್ನದಲ್ಲ. ರಸ್ತೆಯಲ್ಲಿ ಎಲ್ಲರೂ ಒಂದೇ ಬದಿಯಲ್ಲಿ ಹೋಗಬೇಕು, ತೆರಿಗೆ ಕಟ್ಟಬೇಕು, ಕುಡಿಯುವ ನೀರಿಗೆ ವಿಷ ಬಿಡುವ ಕಾರ್ಖಾನೆಗೆ ಬೀಗ ಬೀಳಬೇಕು. 1967ರ ಸೆಪ್ಟೆಂಬರ್ 3ರಂದು ಸ್ವೀಡನ್ ದೇಶ ಒಂದೇ ಬೆಳಗಿಗೆ ಎಡಬದಿಯ ಸಂಚಾರದಿಂದ ಬಲಬದಿಗೆ ಹೊರಳಿತು. 1955ರ ಮತದಾನದಲ್ಲಿ ಶೇ 80ಕ್ಕೂ ಹೆಚ್ಚು ಜನ ಬೇಡ ಎಂದಿದ್ದ ಬದಲಾವಣೆ ಅದು, ಸಂಸತ್ತು ಅವರ ಮಾತು ಮೀರಿತ್ತು. ಆದರೆ ಮೀರಿದ ಮೇಲೆ ನಾಲ್ಕು ವರ್ಷ ಹಿಡಿದು ತಯಾರಿ ನಡೆಸಿದರು. ಹಾಲಿನ ಪೊಟ್ಟಣದ ಮೇಲೂ ಆ ದಿನದ ಗುರುತು ಹಾಕಿ ಮನೆಮನೆಗೆ ಸುದ್ದಿ ಮುಟ್ಟಿಸಿದರು. ನಿಯಮ ಎಲ್ಲರಿಗೂ ಒಂದೇ ಆಗಿತ್ತು, ಮಂತ್ರಿಯ ಕಾರೂ ಬಲಕ್ಕೇ ಹೋಗಬೇಕಿತ್ತು.

ನಾನು ಕೇಳುವುದು ಹೆಚ್ಚೇನಿಲ್ಲ. ಮಸೂದೆ ಮತಕ್ಕೆ ಬರುವ ಮುಂಚೆ ಒಂದು ಸಭೆ ಕರೆಯಿರಿ. ಭಾಷಣದ ಸಭೆ ಬೇಡ, ನೀವು ಕೂತು ಕೇಳುವ ಸಭೆ. ಹಿಂದಿನ ಸಲ ದಂಡ ಏರಿಸಿದ ಮೇಲೆ ಏನು ಬದಲಾಯಿತು ಎಂಬ ಲೆಕ್ಕವನ್ನು ಅಲ್ಲಿಗೆ ತನ್ನಿ. ಎಷ್ಟು ವಸೂಲಾಯಿತು ಎಂಬುದಲ್ಲ, ತಪ್ಪು ಎಷ್ಟು ಕಡಿಮೆಯಾಯಿತು ಎಂಬುದು, ಮತ್ತು ದಂಡ ಕಟ್ಟಿದವರು ಯಾರು ಎಂಬುದು. ಅಧಿಕಾರಿಗಳ ಕಲಮಿನ ‘ಬಹುದು’ ಹೋಗಿ ಅಲ್ಲೂ ‘ತಕ್ಕದ್ದು’ ಬರಲಿ. ಸಹಿ ಹಾಕುವ ಕಾಗದವನ್ನು ಮನೆಗೆ ಒಯ್ದು ಓದಿ ಮರುದಿನ ತರುವ ಹಕ್ಕು ಕಾನೂನಿನಲ್ಲೇ ಇರಲಿ. ಆ ಗಾಜಿನ ಕಿಂಡಿಯನ್ನು ನಿಂತವರ ಬಾಯಿಯ ಎತ್ತರಕ್ಕೆ ಕೊರೆಯಿಸಿ. ಅದಕ್ಕೆ ಮಸೂದೆಯೂ ಬೇಡ, ಒಬ್ಬ ಕೆಲಸಗಾರ ಅರ್ಧ ದಿನದಲ್ಲಿ ಮಾಡಿ ಮುಗಿಸುತ್ತಾನೆ.

ಸಭೆಯ ದಿನಾಂಕ ತಿಳಿಸಿ. ಅಪ್ಪ ಈಗ ಇಲ್ಲ, ನಾನು ಬರುತ್ತೇನೆ. ನಿಮ್ಮ ಮಾತು ಒಪ್ಪಿಗೆಯಾದರೆ ಮನಸಾರೆ ಚಪ್ಪಾಳೆ ತಟ್ಟುತ್ತೇನೆ. ಒಪ್ಪಿಗೆಯಾಗದಿದ್ದರೆ ಎದ್ದು ನಿಂತು ಹೇಳುತ್ತೇನೆ. ನನ್ನ ಜೊತೆ ಇನ್ನೊಬ್ಬರನ್ನೂ ಕರೆತರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ನಿಮಗೆ ಮತ ಹಾಕಿದ ಒಬ್ಬ ನಾಗರಿಕ