ಅಜ್ಜಿಯ ಸಿಂಗರ್ ಹೊಲಿಗೆ ಮೆಷಿನ್ ಮತ್ತೆ ಓಡಿಸಿಕೊಟ್ಟವರಿಗೆ

ಹೆಸರು ಬರೀಬೇಡಿ ಅಂದಿರಿ, ಬರೆಯುತ್ತಿಲ್ಲ. ಆದರೆ ಥ್ಯಾಂಕ್ಸ್ ಹೇಳದೆ ಇರಲಾರೆ. ಅಜ್ಜಿಯ ಹೊಲಿಗೆ ಮೆಷಿನ್ ಚಕ್ರ ಜಾಮ್ ಆಗಿತ್ತು. ಗುಜರಿಗೆ ಹಾಕಿ ಅಂದವರೇ ಜಾಸ್ತಿ. ನೀವು ಮೊದಲು ನೋಡಿದ್ದು ಮೆಷಿನ್ ಮೇಲಿನ ನಂಬರ್. 'ವೈ' ಅಕ್ಷರದಿಂದ ಶುರುವಾಗಿದೆ, ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯದು, 1935ಕ್ಕಿಂತ ಈಚಿನದಲ್ಲ ಅಂದಿರಿ. ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ!

ಗಟ್ಟಿಯಾಗಿದ್ದ ಹಳೇ ಎಣ್ಣೆಗೆ ಹನಿಹನಿಯಾಗಿ ಸೀಮೆಎಣ್ಣೆ ಬಿಟ್ಟಿರಿ. ಬಲವಂತವಾಗಿ ತಿರುಗಿಸಲೇ ಇಲ್ಲ. ಚಿನ್ನದ ಬಣ್ಣದ ಚಿತ್ತಾರ ಕರಗುತ್ತೆ ಅಂತ ಸ್ಪಿರಿಟ್ ಮುಟ್ಟಿಸದೆ, ಮೆಷಿನ್ ಎಣ್ಣೆಯಲ್ಲೇ ಒರೆಸಿದಿರಿ. ಬಟ್ಟೆ ಉಜ್ಜಿ ಉಜ್ಜಿ ಚಿತ್ತಾರ ಸವೆದ ಜಾಗಕ್ಕೆ ಬಣ್ಣ ಹಚ್ಚಲಾ ಅಂತ ಕೇಳಿದೆ. "ಅದು ನಿಮ್ಮಜ್ಜಿ ಕೈಯಿಂದ ಆದದ್ದು, ಬಿಡಿ" ಅಂದಿರಿ. ಅಮ್ಮ ಅತ್ತುಬಿಟ್ಟರು.

ಹೊಸ ಚರ್ಮದ ಬೆಲ್ಟಿನ ದುಡ್ಡು ಬಿಟ್ಟು ಬೇರೇನೂ ತಗೊಳ್ಳಲಿಲ್ಲ ನೀವು. ಅಮ್ಮ ಅದೇ ಮೆಷಿನ್‌ನಲ್ಲಿ ನಿಮಗೊಂದು ಕೈಚೀಲ ಹೊಲಿದಿದ್ದಾರೆ. ದಯವಿಟ್ಟು ಬೇಡ ಅನ್ನಬೇಡಿ.