ಬದುಕಿದ್ದವರನ್ನು ಸಾಯಿಸಬೇಡ

ವಿಮಾನಪುರ, ಬೆಂಗಳೂರು
ಭಾನುವಾರ ರಾತ್ರಿ

ಚಿ. ಅನಘಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕೊಟ್ಟುಹೋದ ಸ್ಕ್ರಿಪ್ಟನ್ನು ಎರಡು ಸಲ ಓದಿದೆ. ಮೊದಲ ಸಲ ಓದುವಾಗ ನಿನ್ನ ದೊಡ್ಡಮ್ಮ ಊಟಕ್ಕೆ ಕರೆದದ್ದೂ ಕೇಳಿಸಲಿಲ್ಲ. ಮೊದಲ ಮಹಾಯುದ್ಧದಲ್ಲಿ ನಮ್ಮ ಮೈಸೂರು ಸಂಸ್ಥಾನದ ಕುದುರೆಪಡೆ ಮೈಸೂರು ಲ್ಯಾನ್ಸರ್ಸ್, ತುರ್ಕರ ಕೈಯಲ್ಲಿದ್ದ ಹೈಫಾ ಊರನ್ನು (ಈಗ ಇಸ್ರೇಲಿನಲ್ಲಿದೆ) ಗೆದ್ದ ಕತೆಯನ್ನು ನಮ್ಮ ಮನೆಯ ಹುಡುಗಿ ಸಿನಿಮಾ ಮಾಡಲು ಹೊರಟಿದ್ದಾಳೆ ಅಂದರೆ ನನಗೆ ಎಷ್ಟು ಸಂತೋಷ ಗೊತ್ತಾ? ಎರಡನೇ ಸಲ ಪೆನ್ಸಿಲ್ ಹಿಡಿದು ಕೂತೆ. ಕೊನೆಯ ಹತ್ತು ಪುಟಗಳಲ್ಲಿ ಗೆರೆ ಜಾಸ್ತಿ ಬಿದ್ದಿವೆ. ಫೋನಿನಲ್ಲಿ ಹೇಳಿದರೆ ಇಬ್ಬರಿಗೂ ಮಾತು ಎಲ್ಲೆಲ್ಲಿಗೋ ಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಕತೆಯ ಕೊನೆಯಲ್ಲಿ ನೂರಾರು ಸವಾರರು ಸಾಯುತ್ತಾರೆ. ಯಾಕೆ ಅಂತ ಅವತ್ತೇ ಕೇಳಿದೆ. "ನಿಜವಾಗಿ ಸತ್ತದ್ದು ಎಂಟು ಜನ ದೊಡ್ಡಪ್ಪ, ಎಂಟು ಜನಕ್ಕೆ ಥಿಯೇಟರಿನಲ್ಲಿ ಯಾರು ಅಳ್ತಾರೆ?" ಅಂದೆ. ಆ ಮಾತು ಅವತ್ತಿನಿಂದ ನನ್ನ ತಲೆ ಕೊರೆಯುತ್ತಿದೆ.

ಯುದ್ಧದ ಸಿನಿಮಾ ಅಂದರೆ ನನಗೆ ಚಿಕ್ಕಂದಿನಿಂದ ಹುಚ್ಚು. 1997ರಲ್ಲಿ 'ಬಾರ್ಡರ್' ಬಂದಾಗ ಎಚ್‌ಎಎಲ್ ವಿಮಾನ ಕಾರ್ಖಾನೆಯ ನಮ್ಮ ಹ್ಯಾಂಗರಿನ ಏಳೆಂಟು ಜನ ಶಿಫ್ಟ್ ಮುಗಿಸಿ ಒಟ್ಟಿಗೇ ಹೋಗಿದ್ದೆವು. 1971ರ ಪಾಕಿಸ್ತಾನ ಯುದ್ಧ, ರಾಜಸ್ಥಾನದ ಗಡಿಯಲ್ಲಿ ಲೋಂಗೆವಾಲದ ಆ ಒಂಟಿ ಠಾಣೆ, ಸುತ್ತಲೂ ಮರಳು, ಕತ್ತಲಲ್ಲಿ ಹತ್ತಿರವಾಗುವ ಟ್ಯಾಂಕುಗಳ ಸದ್ದು. ಗಡಿ ಭದ್ರತಾ ಪಡೆಯ ಭೈರೋನ್ ಸಿಂಗ್ ಹೋರಾಡುತ್ತಲೇ ಪ್ರಾಣ ಬಿಡುವಾಗ ನಾನು ಗಳಗಳ ಅತ್ತೆ. ಪಕ್ಕದವರೂ ಅಳುತ್ತಿದ್ದರು. ಆಮೇಲೆ ಟಿವಿಯಲ್ಲಿ ಎಷ್ಟು ಸಲ ಬಂದರೂ ಅಷ್ಟೇ, ಅದೇ ಜಾಗದಲ್ಲಿ ಕಣ್ಣು ತುಂಬುತ್ತಿತ್ತು.

2022ರ ಡಿಸೆಂಬರಿನಲ್ಲಿ ಒಂದು ದಿನ ಪೇಪರ್ ತೆಗೆದೆ. ಲೋಂಗೆವಾಲದ ಭೈರೋನ್ ಸಿಂಗ್ ರಾಠೋಡ್ ಜೋಧಪುರದಲ್ಲಿ ತೀರಿಕೊಂಡರು, 81 ವರ್ಷ ಅಂತ ಇತ್ತು. ಕಾಫಿ ಆರಿಹೋಯಿತು. ಇಪ್ಪತ್ತೈದು ವರ್ಷ ನಾನು ಸತ್ತರು ಅಂತ ಅತ್ತ ಮನುಷ್ಯ ಅಷ್ಟೂ ದಿನ ಬದುಕಿದ್ದರು! 1972ರಲ್ಲಿ ಸೇನಾ ಪದಕ ಪಡೆದವರು. ಆ ರಾತ್ರಿ ಮೆಷಿನ್ ಗನ್ ಹಿಡಿದು ನಿಂತದ್ದು ನಿಜ, ಸತ್ತದ್ದು ಮಾತ್ರ ಸುಳ್ಳು. ಬದುಕಿದ್ದಾಗ ಅವರಿಗೊಂದು ಕಾಗದ ಬರೆಯಬಹುದಿತ್ತು, ಬೆಂಗಳೂರಿನಿಂದ ಒಬ್ಬ ನಿಮಗೆ ಕೈಮುಗಿಯುತ್ತಿದ್ದಾನೆ ಅಂತ. ಅದು ನನಗೆ ಹೊಳೆಯಲೇ ಇಲ್ಲ. ಸತ್ತವರಿಗೆ ಯಾರು ಕಾಗದ ಬರೆಯುತ್ತಾರೆ ಹೇಳು? ಆ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ ಮಗಳೇ.

ಆವತ್ತಿನಿಂದ ನಾನು ಪುಸ್ತಕ ಹಿಡಿದೆ. ಲೋಂಗೆವಾಲದಲ್ಲಿ 1971ರ ಡಿಸೆಂಬರ್ 4ರ ರಾತ್ರಿ ಇದ್ದದ್ದು ಪಂಜಾಬ್ ರೆಜಿಮೆಂಟಿನ ಸುಮಾರು 120 ಜನ, ಜೊತೆಗೆ ಗಡಿ ಪಡೆಯ ಕೆಲವರು. ಮೇಜರ್ ಕುಲದೀಪ್ ಸಿಂಗ್ ಚಾಂದಪುರಿ ಅವರ ಮುಂದಾಳು. ಎದುರಿಗೆ ಎರಡು ಸಾವಿರ ಸೈನಿಕರು, ನಲವತ್ತಕ್ಕೂ ಹೆಚ್ಚು ಟ್ಯಾಂಕು. ನಮ್ಮ ಕಡೆ ಸತ್ತವರು ಇಬ್ಬರು. ಹೌದು, ಇಬ್ಬರೇ. ಸಿನಿಮಾದಲ್ಲಿ ಸಾಲಾಗಿ ಹೆಣ ಬೀಳುತ್ತವೆ.

ಇಬ್ಬರೇ ಹೇಗೆ ಅಂತ ಕೇಳಿದರೆ ಸಿನಿಮಾಗಿಂತ ಒಳ್ಳೆಯ ಕತೆ ಸಿಗುತ್ತದೆ. ಠಾಣೆಯ ಮುಂದೆ ಒಂದಿಷ್ಟು ಮುಳ್ಳುತಂತಿ ಇತ್ತು. ಅದನ್ನು ಕಂಡ ಪಾಕಿಸ್ತಾನದ ಟ್ಯಾಂಕುಗಳು ನೆಲದಲ್ಲಿ ಮೈನ್ ಹೂತಿರಬಹುದು ಅಂತ ಹೆದರಿ ನಿಂತುಬಿಟ್ಟವು. ಹೊತ್ತು ಹೋಯಿತು. ಪಕ್ಕಕ್ಕೆ ತಿರುಗಿದವು ಮರಳಲ್ಲಿ ಹೂತುಕೊಂಡವು. ನಮ್ಮ ಹಂಟರ್ ವಿಮಾನಗಳಿಗೆ ರಾತ್ರಿ ಹೊತ್ತು ದಾಳಿ ಮಾಡುವ ಸಲಕರಣೆ ಇರಲಿಲ್ಲ. ಆದ್ದರಿಂದ ಠಾಣೆಯವರು ಬೆಳಗಾಗುವ ತನಕ ತಡೆದು ನಿಲ್ಲಲೇಬೇಕಿತ್ತು, ನಿಂತರು. ಬೆಳಕು ಹರಿಯುತ್ತಿದ್ದಂತೆ ಜೈಸಲ್ಮೇರಿನಿಂದ ಹಂಟರ್‌ಗಳು ಬಂದವು. ಬಯಲಿನಲ್ಲಿ ಟ್ಯಾಂಕುಗಳಿಗೆ ಅಡಗಲು ಒಂದು ಮರ ಕೂಡ ಇರಲಿಲ್ಲ. ಬೆಳಗಾಗಲಿ ಅಂತ ಕಾಯುವ ಆ ಗಂಟೆಗಳೇ ಒಂದು ಪೂರ್ತಿ ಸಿನಿಮಾ ಅಲ್ವಾ?

ಆ ಯುದ್ಧದಲ್ಲಿ ಲೋಂಗೆವಾಲದ ಕಡೆ ಮಾರುತ ಯುದ್ಧವಿಮಾನಗಳೂ ಹಾರಿದವು. ಮಾರುತ ನಮ್ಮ ಎಚ್‌ಎಎಲ್‌ನಲ್ಲಿ ಹುಟ್ಟಿದ್ದು. ಜರ್ಮನಿಯ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ಕೂತು ವಿನ್ಯಾಸ ಮಾಡಿದರು, 1961ರ ಜೂನ್ 17ರಂದು ಮೊದಲು ಹಾರಿತು. ನಾನು ಕೆಲಸಕ್ಕೆ ಸೇರಿದಾಗ ಮೊದಲು ಕೈಯಿಟ್ಟ ವಿಮಾನ ಅದು. ಅದರ ರಿವೆಟ್ಟುಗಳ ಸಾಲು ನನ್ನ ಬೆರಳಿಗೆ ಈಗಲೂ ನೆನಪಿದೆ. ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಂನಲ್ಲಿ ಒಂದನ್ನು ನಿಲ್ಲಿಸಿದ್ದಾರೆ, ನಿನ್ನನ್ನು ಮೂರನೇ ಕ್ಲಾಸಿನಲ್ಲಿ ಕರೆದುಕೊಂಡು ಹೋಗಿದ್ದೆ. ಇರಲಿ, ಮಾತು ಎಲ್ಲಿಗೋ ಹೋಯಿತು.

ಸಿನಿಮಾದವರು ಏನನ್ನೂ ಕಟ್ಟಬಾರದು ಅಂತ ನಾನು ಹೇಳುತ್ತಿಲ್ಲ. ನಿನ್ನ ಸವಾರ ರಾತ್ರಿ ಯಾರಿಗೂ ಕಾಣದ ಹಾಗೆ ತನ್ನ ಕುದುರೆಗೆ ಬೆಲ್ಲದ ಚೂರು ತಿನ್ನಿಸುತ್ತಾನಲ್ಲ, ಆ ದೃಶ್ಯ ಯಾವ ದಾಖಲೆಯಲ್ಲೂ ಇರುವುದಿಲ್ಲ. ಆದರೆ ಅಂಥದ್ದು ಖಂಡಿತ ನಡೆದಿರುತ್ತದೆ. ಅದನ್ನು ಮುಟ್ಟಬೇಡ. ಅದು ಯಾರ ಜಾಗವನ್ನೂ ಕಿತ್ತುಕೊಂಡಿಲ್ಲ. ನಿಜವಾದ ಹೆಸರು ಇಟ್ಟುಕೊಂಡರೆ ಮಾತ್ರ ಆ ಮನುಷ್ಯನ ಹಣೆಬರಹವನ್ನೂ ಅವನದೇ ಇಡು. ಬದಲಾಯಿಸಲೇಬೇಕು ಅಂದರೆ ಹೆಸರನ್ನೂ ಬದಲಾಯಿಸು.

ಅದೂ ಅಷ್ಟು ಸುಲಭ ಅಲ್ಲ ನೋಡು. ಹೋದ ವರ್ಷ ನಾವಿಬ್ಬರೂ ಒಟ್ಟಿಗೆ ನೋಡಿದ 'ಸ್ಕೈ ಫೋರ್ಸ್' ನೆನಪಿದೆಯಾ? ಅದು ನಮ್ಮ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರಿಂದ ಹುಟ್ಟಿದ ಕತೆ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರಗೋಧಾ ವಾಯುನೆಲೆಯ ದಾಳಿಗೆ ಹೋದವರು ವಾಪಸ್ ಬರಲಿಲ್ಲ. ತಮ್ಮ ಮಿಸ್ಟೀರ್ ವಿಮಾನಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನಿ ವಿಮಾನ ಸ್ಟಾರ್‌ಫೈಟರನ್ನು ಅವರು ಉರುಳಿಸಿದ್ದರು. ಅದು ನಮ್ಮವರಿಗೆ ಗೊತ್ತಾಗಲು ವರ್ಷಗಟ್ಟಲೆ ಹಿಡಿಯಿತು, ಮಹಾವೀರ ಚಕ್ರ ಸಿಕ್ಕಿದ್ದು 1988ರಲ್ಲಿ. ಇಪ್ಪತ್ತಮೂರು ವರ್ಷ ಕಾದು ಬಂದ ಹೆಸರು ಅದು. ಸಿನಿಮಾದಲ್ಲಿ ಆ ಪಾತ್ರಕ್ಕೆ ಬೇರೆ ಹೆಸರು ಇಟ್ಟರು. ಕತೆಯನ್ನು ಹಿಗ್ಗಿಸಲು ಅವರಿಗೆ ಅದು ಬೇಕಿತ್ತೇನೋ. ಆದರೂ ನನ್ನ ಮನಸ್ಸು ಒಪ್ಪಲಿಲ್ಲ. ಹೆಸರೇ ಯಾರಿಗೂ ಗೊತ್ತಿಲ್ಲದವನ ಕತೆ ಹೇಳುವಾಗ ಹೆಸರನ್ನೇ ತೆಗೆದರೆ ಏನು ಉಳಿಯಿತು?

ಇನ್ನು ಬಿಟ್ಟುಬಿಡುವ ವಿಷಯ. 'ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್' ನನ್ನ ಪ್ರೀತಿಯ ಸಿನಿಮಾ, ಹುಡುಗನಾಗಿದ್ದಾಗ ಎಂ.ಜಿ. ರಸ್ತೆಯ ಪ್ಲಾಜಾದಲ್ಲಿ ನೋಡಿದ್ದು. ಎರಡನೇ ಮಹಾಯುದ್ಧದಲ್ಲಿ ಸೆರೆಸಿಕ್ಕ ಅದರ ಬ್ರಿಟಿಷ್ ಕರ್ನಲ್ ಜಪಾನಿಯರಿಗೆ ಥಾಯ್ಲೆಂಡ್-ಬರ್ಮಾ ರೈಲು ಹಾದಿಯ ಸೇತುವೆಯನ್ನು ಹೆಮ್ಮೆಯಿಂದ ಕಟ್ಟಿಕೊಡುತ್ತಾನೆ. ನಿಜವಾಗಿ ಅಲ್ಲಿದ್ದ ಅಧಿಕಾರಿ ಫಿಲಿಪ್ ಟೂಸಿ ತನ್ನ ಜನರನ್ನು ಉಳಿಸಿಕೊಳ್ಳಲು ಹೆಣಗಿದವರು. ಅವರ ಕೈದಿಗಳು ಮರದ ಕಂಬಗಳಿಗೆ ಗೆದ್ದಲು ಹಿಡಿದು ತಂದು ಬಿಡುತ್ತಿದ್ದರು! ಅದಕ್ಕಿಂತ ದೊಡ್ಡ ಕೊರತೆ ಬೇರೆಯೇ ಇದೆ. ಆ ರೈಲು ಹಾದಿಯಲ್ಲಿ 12 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳು ಸತ್ತರು. ಜೊತೆಗೆ ಸುಮಾರು 90 ಸಾವಿರ ಏಷ್ಯಾದ ಕೂಲಿಗಳು ಸತ್ತರು. ಅವರಲ್ಲಿ ಮಲಯಾದ ರಬ್ಬರ್ ತೋಟಗಳಿಂದ ಎಳೆದು ತಂದ ತಮಿಳರು ಎಷ್ಟೋ ಜನ. ಸಿನಿಮಾದ ಮನಸ್ಸೆಲ್ಲ ಆ ಬ್ರಿಟಿಷ್ ಅಧಿಕಾರಿಗಳ ಮೇಲೆ. ಈ ಕೂಲಿಗಳ ಕತೆ ಅದಕ್ಕೆ ಬೇಕಾಗಲಿಲ್ಲ.

'ಡಂಕರ್ಕ್' ನೋಡಿ ಬಂದಾಗ ನಿನಗೇ ಸಿಟ್ಟು ಬಂದಿತ್ತು. 1940ರಲ್ಲಿ ಜರ್ಮನ್ನರು ಸುತ್ತುವರಿದಿದ್ದ ಫ್ರಾನ್ಸಿನ ಆ ದಡದಲ್ಲಿ, ಹೇಸರಗತ್ತೆಗಳ ಮೇಲೆ ಸೈನ್ಯದ ಸಾಮಾನು ಸಾಗಿಸುತ್ತಿದ್ದ ಕಂಪನಿಗಳ ನಮ್ಮ ಭಾರತೀಯರೂ ಇದ್ದರು, ಅವರನ್ನು ಯಾಕೆ ತೋರಿಸಲಿಲ್ಲ ಅಂತ ಊಟದ ಹೊತ್ತಿನಲ್ಲಿ ಎಲ್ಲರ ಹತ್ತಿರ ವಾದ ಮಾಡಿದೆ. ಸರಿಯಾಗೇ ಕೇಳಿದೆ. ಈಗ ನಿನ್ನ ಸ್ಕ್ರಿಪ್ಟನ್ನೇ ತೆಗೆದು ನೋಡು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಮೈಸೂರಿನವರು ಮಾತ್ರ ಇದ್ದಾರೆ. ಜೋಧಪುರ ಲ್ಯಾನ್ಸರ್ಸ್ ಎಲ್ಲಿ ಹೋದರು? ಊರೊಳಗೆ ಕುದುರೆ ನುಗ್ಗಿಸಿದವರು ಅವರು. ಅವರ ಮೇಜರ್ ದಳಪತ್ ಸಿಂಗ್ ಅವತ್ತೇ ಪ್ರಾಣ ಬಿಟ್ಟರು. ನಮ್ಮವರು ಕಾರ್ಮೆಲ್ ಬೆಟ್ಟದ ಇಳಿಜಾರು ಹತ್ತಿ ಮೇಲಿದ್ದ ಫಿರಂಗಿಗಳ ಮೇಲೆ ಬಿದ್ದರು. ಎರಡೂ ಸೇರಿ ಒಂದೇ ಯುದ್ಧ. ನಮ್ಮನ್ನು ಬಿಟ್ಟರೆ ನಮಗೆ ಹೊಟ್ಟೆ ಉರಿಯುತ್ತದೆ. ನಿನ್ನ ಸಿನಿಮಾ ಜೋಧಪುರದ ಒಬ್ಬ ಹುಡುಗಿ ನೋಡಿದರೆ? ಇದನ್ನು ತಿದ್ದಲೇಬೇಕು, ಬೇರೆ ಏನು ಬಿಟ್ಟರೂ ಪರವಾಗಿಲ್ಲ.

ಈಗ ಆ ಎಂಟು ಜನ. ಎದುರಿಗೆ ಮೆಷಿನ್ ಗನ್, ಫಿರಂಗಿ. ಇವರ ಕೈಯಲ್ಲಿ ಈಟಿ, ಕತ್ತಿ. ಸಾವಿರದ ಮುನ್ನೂರೈವತ್ತು ಜನರನ್ನು ಸೆರೆ ಹಿಡಿದರು. ಸತ್ತವರು ಎಂಟು, ಗಾಯಗೊಂಡವರು 34. ಲೆಕ್ಕ ಅಲ್ಲಿಗೆ ನಿಲ್ಲುವುದಿಲ್ಲ. ಸತ್ತ ಕುದುರೆಗಳು 60, ಗಾಯಗೊಂಡವು 83. ಗುಂಡು ಬಿದ್ದ ಮೇಲೂ ಕುದುರೆಗಳು ಓಟ ನಿಲ್ಲಿಸಲಿಲ್ಲ. ಸವಾರನನ್ನು ಹೊತ್ತು ಗುರಿ ಮುಟ್ಟಿಸಿ, ಎಷ್ಟೋ ಕುದುರೆಗಳು ಆಮೇಲೆ ಬಿದ್ದು ಸತ್ತವು. ಎಂಟೇ ಜನ ಯಾಕೆ ಸತ್ತರು ಅನ್ನುವುದಕ್ಕೆ ಒಂದು ಉತ್ತರ ಇದರಲ್ಲೇ ಇದೆ, ನೀನು ಅದರ ಮೇಲೆ ನೂರಾರು ಹೆಣ ಹೇರಿ ಮುಚ್ಚಿಬಿಟ್ಟಿದ್ದೀಯ.

ನಿನ್ನ ಸವಾರನನ್ನು ಬದುಕಿಸು. ಬೆಟ್ಟದ ಮೇಲೆ ಫಿರಂಗಿ ಸದ್ದು ನಿಂತಿದೆ, ಅವನು ಕೆಳಗಿಳಿದಿದ್ದಾನೆ, ಕುದುರೆ ಮಂಡಿಯೂರುತ್ತಿದೆ. ಅವನ ಜೇಬಿನಲ್ಲಿ ಬೆಲ್ಲದ ಚೂರು ಇನ್ನೂ ಇರಬೇಕಲ್ವಾ?

ಮುಂದಿನ ಭಾನುವಾರ ಬೆಳಗ್ಗೆ ಏಳಕ್ಕೆಲ್ಲ ಬಾ. ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ, ನೀನಿನ್ನೂ ನೋಡಿಲ್ಲ ಅಂದೆ. ಕಲ್ಲಿನ ಮೇಲೆ ಕೆತ್ತಿದ್ದನ್ನು ಇಬ್ಬರೂ ಸೇರಿ ಓದಿ ಬರೆದುಕೊಳ್ಳೋಣ. ನೋಟ್‌ಬುಕ್ ತಾ. ತಿಂಡಿಗೆ ದೊಡ್ಡಮ್ಮ ಅಕ್ಕಿ ರೊಟ್ಟಿ ಮಾಡುತ್ತಾಳಂತೆ. ಅಪ್ಪ ಅಮ್ಮನನ್ನು ಕೇಳಿದೆ ಅಂತ ಹೇಳು.

ಇಂತಿ ನಿನ್ನ
ದೊಡ್ಡಪ್ಪ